ತೆಲುಗಿನ ಬ್ರಹ್ಮಾನಂದಂ ದೊಡ್ಡವರಾ, ಕನ್ನಡದ ಬಾಲಣ್ಣ ದೊಡ್ಡವರಾ?

ಬಳ್ಳಾರಿಯಲ್ಲಿ ಇದ್ದುಕೊಂಡು ಕಾಮಿಡಿ ಬಗ್ಗೆ ನಾಲ್ಕು ಮಾತಾಡಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿ ತೆಲುಗು ಸಿನಿಮಾ ನೋಡದ ಮನೆ ಕಡಿಮೆ, ಅದಕ್ಕೆ ಕೇಳುತ್ತಾರೆ, ಸರಿ. ಆದರೆ ಕೇಳುವ ರೀತಿ ಇದೆಯಲ್ಲ, ಅದು ನನಗೆ ಸೇರುವುದಿಲ್ಲ. ಕೌಲ್ ಬಜಾರಿನ ಒಂದು ಮದುವೆಯಲ್ಲಿ ದೂರದ ಮಾವ ಒಬ್ಬರು ಪಂಕ್ತಿಯಲ್ಲಿ ಕೂತು ಜೋರಾಗಿ ಕೇಳಿದರು: "ಏನಪ್ಪಾ, ಬ್ರಹ್ಮಾನಂದಂ ಮುಂದ ನಿಮ್ಮ ಬಾಲಣ್ಣ ಯಾವ ಲೆಕ್ಕ?" ಆಚೀಚೆ ಊಟ ಮಾಡುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಈಗಲೇ ಇಬ್ಬರಲ್ಲಿ ಒಬ್ಬರನ್ನು ಸೋಲಿಸಬೇಕು ಅನ್ನೋ ಹಾಗೆ! ಅಷ್ಟರಲ್ಲಿ ಸಾರು ಬಂತು, ಮಾತು ನಿಂತಿತು. ಇಲ್ಲಿ ಪೂರ್ತಿ ಹೇಳುತ್ತೇನೆ.

ಇಬ್ಬರೂ ನನಗೆ ಬೇಕು. ಯಾರನ್ನೂ ಬಿಟ್ಟುಕೊಡುವುದಿಲ್ಲ.

ನಿರ್ದೇಶಕ ಜಂಧ್ಯಾಲ ಅವರ ತೆಲುಗು ಸಿನಿಮಾ 'ಅಹ ನಾ ಪೆಳ್ಳಂಟ' (1987) ನೋಡಿದ್ದೀರಲ್ವಾ? ಅದರಲ್ಲಿ ಬ್ರಹ್ಮಾನಂದಂ ಅರ್ಧ ತಲೆ ಬೋಳಿಸಿಕೊಂಡ ಆಳು. ಜಿಪುಣ ಯಜಮಾನ ಕೋಟ ಶ್ರೀನಿವಾಸರಾವ್ ಕಾಟ ಕೊಡುವಾಗ ಆ ಮುಖ ನೋಡಿ. ಸಿಟ್ಟು ಗಂಟಲ ತನಕ ಬರುತ್ತದೆ, ನುಂಗುತ್ತಾನೆ, ಕಣ್ಣಲ್ಲಿ ಮಾತ್ರ ಉಳಿಯುತ್ತದೆ. ನನಗೆ ನಗು ತಡೆಯಲಾಗದೇ ಹೋಗುವುದು ಅಲ್ಲಿ.

ಇನ್ನು ಬಾಲಣ್ಣ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ನಟಿಸುತ್ತಿದ್ದರು. 'ಬಂಗಾರದ ಮನುಷ್ಯ'ದ (1972) ರಾಚೂಟಪ್ಪನನ್ನು ನೆನೆಸಿಕೊಳ್ಳಿ. ರಾಜಕುಮಾರ್ ಮಾತು ಮುಗಿಯುತ್ತದೆ, ಬಾಲಣ್ಣನ ಮಾತು ಸರಿಯಾದ ಜಾಗಕ್ಕೆ ಬಂದು ಬೀಳುತ್ತದೆ. ಮುಂಚೆಯೂ ಇಲ್ಲ, ತಡವೂ ಇಲ್ಲ. ಕೇಳಿಸದ ಮನುಷ್ಯ ಎದುರಿನವರ ಮಾತಿಗೆ ಅಷ್ಟು ಗಮನ ಕೊಡುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಾಗಿ ಯಾರು ದೊಡ್ಡವರು ಅಂತ ಸುಮ್ನೆ ಕೇಳಬೇಡಿ. ಬೇರೆಯವರು ಮಾತಾಡುವಾಗ ಇವರು ಏನು ಮಾಡುತ್ತಿದ್ದರು ಅಂತ ಕೇಳಿ. ಬೆಳಗಾಗುವ ತನಕ ಹೇಳುತ್ತೇನೆ.

ಈಗಿನ ಟಿವಿ ಕಾಮಿಡಿ ಶೋಗಳ ಮೇಲೆ ನನ್ನ ತಕರಾರೂ ಇದೇ. ಕಲಾವಿದರಿಗೇನೂ ಬರ ಇಲ್ಲ. ಊರ ನಾಟಕಗಳಲ್ಲಿ ಬಣ್ಣ ಹಚ್ಚಿ ಬಂದ ಹುಡುಗರು ಜೀವ ಬಿಟ್ಟು ಮಾಡುತ್ತಾರೆ. ಆದರೆ ಒಬ್ಬ ಪಂಚ್ ಹೊಡೆದ ತಕ್ಷಣ ಕ್ಯಾಮೆರಾ ಜಡ್ಜ್ ಕಡೆ ಓಡುತ್ತದೆ. ಜಡ್ಜ್ ಟೇಬಲ್ ತಟ್ಟಿ ನಗುತ್ತಾರೆ, ಹಿಂದೆ 'ಟುಂಯ್' ಅಂತ ಸದ್ದು. ಆ ಪಂಚ್ ತಿಂದವನ ಮುಖ ನಮಗೆ ಕಾಣುವುದೇ ಇಲ್ಲ. ಅರ್ಧ ಕಾಮಿಡಿ ಅಲ್ಲೇ ಹೋಯಿತು. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಧಾರಾವಾಹಿ ಬರುವಾಗ ನಮ್ಮ ಮನೆಯವರೆಲ್ಲ ಟಿವಿ ಮುಂದೆ ಕೂರುತ್ತಿದ್ದುದು ಯಾಕೆ? ಹೆಂಡತಿ ಪಾತ್ರದ ಶಾಲಿನಿ ರೇಗಿದಾಗ ಗಂಡನ ಪಾತ್ರದ ಚಿದಾನಂದ್ ಮುದುಡಿಕೊಳ್ಳುವುದನ್ನು ನೋಡೋಕೆ.

ಶೋ ಮಾಡುವವರಿಗೆ ನನ್ನದು ಒಂದೇ ಬೇಡಿಕೆ. ಆ ಹುಡುಗರ ಮುಖವನ್ನು ಇನ್ನೆರಡು ಸೆಕೆಂಡ್ ಜಾಸ್ತಿ ತೋರಿಸಿ. ಜಡ್ಜ್ ನಗದಿದ್ದರೂ ನಾವು ನಗುತ್ತೇವೆ.