ಡಿಕಾಕ್ಷನ್ ಬಣ್ಣದ ನದಿಯಲ್ಲಿ ಚಿಪ್ಪು ಹುಡುಕಿದ್ದು

ಮೊಸಳೆ ಇದೆಯಾ ಅಂತ ದಾರಿಯಲ್ಲಿ ಮೂರು ಸಲ ಕೇಳಿದೆ. ಮೂರನೇ ಸಲ ಭಾವ ರಸ್ತೆ ನೋಡುತ್ತಲೇ, "ಇದೆ ಕಣಯ್ಯ, ಅಲಿಗೇಟರ್. ನೀನು ಅದರ ತಂಟೆಗೆ ಹೋಗಬೇಡ, ಅದೂ ನಿನ್ನ ತಂಟೆಗೆ ಬರಲ್ಲ" ಅಂದರು. ಹಿಂದಿನ ಸೀಟಿನಲ್ಲಿ ಅಕ್ಕನ ಮಗಳು ಪುಟ್ಟಿ ಕಿಸಕ್ಕನೆ ನಕ್ಕಳು. ಅವಳ ತೊಡೆಯ ಮೇಲೆ ಒಂದು ಮೊಟ್ಟೆ ಟ್ರೇ. ಒಂದೊಂದು ಗುಳಿಯಲ್ಲೂ ಹತ್ತಿ ಇಟ್ಟು, ಹತ್ತಿ ಮೇಲೆ ಒಂದೊಂದು ಕಪ್ಪು ಕಲ್ಲು.

ಕಲ್ಲು ಅಂದಿದ್ದಕ್ಕೆ ಬೈಸಿಕೊಂಡೆ. ಅವು ಮೂಳೆ. ಆರ್ಮಡಿಲೋ ಅನ್ನುವ ಚಿಪ್ಪಿನ ಪ್ರಾಣಿ ಮತ್ತು ಅದರ ನೆಂಟರ ಚಿಪ್ಪಿನ ಹಳೇ ತುಂಡುಗಳು. ಅಂಥವನ್ನೇ ಹುಡುಕೋಕೆ ಹೊರಟಿದ್ದೆವು.

ಅಮೆರಿಕದ ಫ್ಲೋರಿಡಾದಲ್ಲಿ ಟ್ಯಾಂಪಾದಿಂದ ಆರ್ಕೇಡಿಯಾ ಊರಿಗೆ ಸುಮಾರು ಒಂದೂವರೆ ಗಂಟೆ ದಾರಿ. ಬಾರ್ಟೋ ಹತ್ತಿರ ರಸ್ತೆ ಪಕ್ಕ ಬೋಳು ಗುಡ್ಡಗಳು ಕಾಣುತ್ತವೆ. ಫ್ಲೋರಿಡಾದಲ್ಲಿ ಗುಡ್ಡ ಎಲ್ಲಿಂದ ಬಂತು ಅಂತ ನೋಡಿದರೆ, ಫಾಸ್ಫೇಟ್ ಗೊಬ್ಬರ ತಯಾರಿಸಿ ಉಳಿದ ಜಿಪ್ಸಮ್ ರಾಶಿ ಅದು. ನಾವು ಹೊರಟಿದ್ದ ಪೀಸ್ ನದಿಗೂ ಇದಕ್ಕೂ ನಂಟಿದೆ. 1880ರ ದಶಕದಲ್ಲಿ ಈ ನದಿಯ ಜಲ್ಲಿಯಲ್ಲೇ ಫಾಸ್ಫೇಟ್ ಸಿಕ್ಕಿದ್ದು. ಹಳೇ ಸಮುದ್ರದ ತಳದ ಪದರವನ್ನೂ, ಅದರ ಮೇಲೆ ಕೂತ ಹಿಮಯುಗದ ಮಣ್ಣನ್ನೂ ನದಿ ಕೊರೆದು ಒಟ್ಟಿಗೆ ಕಲಸಿ ಹಾಕಿದೆ. ಹಾಗಾಗಿ ಒಂದೇ ಬೊಗಸೆಯಲ್ಲಿ ಲಕ್ಷಾಂತರ ವರ್ಷ ಅಂತರದ ಶಾರ್ಕ್ ಹಲ್ಲು, ಕಡಲಹಸುವಿನ ಪಕ್ಕೆಲುಬು, ಕುದುರೆ ಹಲ್ಲು ಸಿಗುತ್ತವೆ. ಫಾಸ್ಫೇಟ್ ನೆಂದು ಎಲ್ಲಕ್ಕೂ ಕಪ್ಪು ಬಣ್ಣ.

ಶಾರ್ಕ್ ಹಲ್ಲು ಹೆಕ್ಕೋಕೆ ಯಾರ ಅನುಮತಿಯೂ ಬೇಡ. ಬೆನ್ನುಮೂಳೆ ಇರುವ ಬೇರೆ ಪ್ರಾಣಿಗಳ ಪಳೆಯುಳಿಕೆಗೆ ಮಾತ್ರ ಫ್ಲೋರಿಡಾ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಪರ್ಮಿಟ್ ಬೇಕು. ವರ್ಷಕ್ಕೆ 5 ಡಾಲರ್. ವರ್ಷದ ಕೊನೆಗೆ ಸಿಕ್ಕಿದ್ದರ ಪಟ್ಟಿ ಕೊಡಬೇಕು, ಮುಖ್ಯವಾದದ್ದು ಇದ್ದರೆ ಮ್ಯೂಸಿಯಂ ಕೇಳಿ ಪಡೆಯಬಹುದು. ದಡ ಅಗೆಯುವಂತಿಲ್ಲ, ನದಿಯ ತಳ ಮಾತ್ರ. ಅಷ್ಟೇ ಕಟ್ಟಳೆ. ನನಗಂತೂ ಇದು ಬಹಳ ಒಳ್ಳೇ ಏರ್ಪಾಡು ಅನ್ನಿಸಿತು.

ನೀರು ತಿಳಿ ಡಿಕಾಕ್ಷನ್ ಥರ ಇತ್ತು. ಎಲೆ ಕೊಳೆತ ಬಣ್ಣ, ಕೊಳೆ ಅಲ್ಲ. ಫೆಬ್ರುವರಿ ಆದ್ದರಿಂದ ನದಿ ತೊಡೆಮಟ್ಟಕ್ಕೆ ಇಳಿದಿತ್ತು, ಮಳೆಗಾಲದಲ್ಲಿ ಇಳಿಯೋ ಹಾಗೇ ಇಲ್ಲವಂತೆ. ಭಾವನೇ ಮಾಡಿದ ಜರಡಿ: ಮರದ ಚೌಕಟ್ಟು, ಕಾಲಿಂಚಿನ ಕಬ್ಬಿಣದ ಜಾಲರಿ, ತೇಲಲಿ ಅಂತ ಸುತ್ತ ಕಟ್ಟಿದ ಸ್ಪಂಜಿನ ಕೊಳವೆ. ಸಲಿಕೆಯಲ್ಲಿ ಜಲ್ಲಿ ಎತ್ತಿ ಅದಕ್ಕೆ ಸುರಿಯೋದು, ಅಲ್ಲಾಡಿಸೋದು, ಮರಳು ಇಳಿದ ಮೇಲೆ ಉಳಿದದ್ದನ್ನು ನೋಡೋದು. ಅಜ್ಜಿ ವಂದರಿಯಲ್ಲಿ ರಾಗಿ ಹಿಟ್ಟು ಆಡಿಸುತ್ತಿದ್ದಾಗ ನಾನು ಸುಮ್ನೆ ನೋಡುತ್ತಾ ಕೂತಿರುತ್ತಿದ್ದೆ. ಈಗ ಸೊಂಟ ಹಿಡಿದಾಗ ಅದರ ಕಷ್ಟ ಗೊತ್ತಾಯಿತು. ಮೊದಲ ಹತ್ತು ನಿಮಿಷದಲ್ಲೇ ಕೆಸರು ನನ್ನ ಒಂದು ಚಪ್ಪಲಿ ನುಂಗಿತು.

ಅರ್ಧ ಗಂಟೆಗೆ ನನಗೆ ಚಪ್ಪಟೆ ತುಂಡೊಂದು ಸಿಕ್ಕಿತು. ಮೇಲೆ ಒಂದು ಗೀರು ಬೇರೆ. "ಆರ್ಮಡಿಲೋ!" ಅಂತ ಕೂಗಿದೆ. ಪುಟ್ಟಿ ಬಂದು ಕೈಯಲ್ಲಿ ಹಿಡಿದು, ತಿರುಗಿಸಿ, ವಾಪಸ್ ಕೊಟ್ಟಳು.

"ಆಮೆ, ಮಾಮ. ನುಣ್ಣಗಿದೆ ನೋಡು. ಒಂದೇ ಗೀರು ನೆಟ್ಟಗೆ ಹೋಗಿದೆ. ಅಂಚಲ್ಲಿ ಗರಗಸದ ಹಲ್ಲಿನ ಥರ ಇದೆಯಲ್ಲ, ಅಲ್ಲಿ ಪಕ್ಕದ ಮೂಳೆಗೆ ಹೊಲಿಗೆ ಹಾಕಿದ ಹಾಗೆ ಸೇರಿಕೊಂಡಿರುತ್ತೆ."

ಆಮೇಲೂ ನನಗೆ ಸಿಕ್ಕಿದ್ದೆಲ್ಲ ಆಮೆಯೇ. ಒಂದು ಮಾತ್ರ ಹುಳು ತಿಂದ ಮರದ ಹಾಗೆ ಗುಳಿಗುಳಿ, ನಡುವೆ ಏಣು. ಅದು ಅಲಿಗೇಟರಿನ ಬೆನ್ನಿನ ಬಿಲ್ಲೆ. ಅದನ್ನು ಹಿಡಿದು ದಡದ ಕಡೆ ಇನ್ನೊಂದು ಸಲ ನೋಡಿಕೊಂಡೆ.

ಮಧ್ಯಾಹ್ನ ಮರಳ ದಿಬ್ಬದ ಮೇಲೆ ಚಿತ್ರಾನ್ನ ತಿನ್ನುತ್ತಾ ಪುಟ್ಟಿ ಮೊಟ್ಟೆ ಟ್ರೇ ಬಿಚ್ಚಿದಳು. ಆರ್ಮಡಿಲೋ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಕಾಡಿನ ಚಿಪ್ಪುಹಂದಿ. ಅದೂ ತಪ್ಪು. ಎರಡೂ ದೂರದ ನೆಂಟರೂ ಅಲ್ಲ. ಚಿಪ್ಪುಹಂದಿಯ ಹುರುಪೆ ನಮ್ಮ ಉಗುರಿನಂಥದ್ದು, ಒಳಗೆ ಮೂಳೆ ಇಲ್ಲ. ಆರ್ಮಡಿಲೋಗೆ ಚರ್ಮದೊಳಗೇ ನಿಜವಾದ ಮೂಳೆ ಬಿಲ್ಲೆಗಳು ಬೆಳೆಯುತ್ತವೆ, ಅದರ ಮೇಲೆ ಉಗುರಿನ ಥರದ ಹೊದಿಕೆ. ಹೊದಿಕೆ ಹೋದರೂ ಬಿಲ್ಲೆ ಉಳಿಯುತ್ತೆ. ಒಂದು ಪ್ರಾಣಿಗೆ ನೂರಾರು ಬಿಲ್ಲೆ. ಗ್ಲಿಪ್ಟೊಡಾಂಟ್ ಅನ್ನುವ ಅದರ ದೈತ್ಯ ನೆಂಟನಿಗಂತೂ ಸಾವಿರಕ್ಕೂ ಜಾಸ್ತಿ. ಆದ್ದರಿಂದ ಪ್ರಾಣಿಯ ಹಲ್ಲು, ತಲೆಬುರುಡೆ ಸಿಗದಿದ್ದರೂ ಬಿಲ್ಲೆ ಸಿಗುತ್ತೆ. ಇವೆಲ್ಲ ದಕ್ಷಿಣ ಅಮೆರಿಕದ ಪ್ರಾಣಿಗಳು. ಪನಾಮಾದ ಹತ್ತಿರ ಎರಡೂ ಖಂಡ ಕೂಡಿಕೊಂಡ ಮೇಲೆ ಹೆಚ್ಚಿನವು ನಡೆದುಕೊಂಡು ಈ ಕಡೆ ಬಂದವು.

ಗ್ಲಿಪ್ಟೊಡಾಂಟ್ ತುಂಡನ್ನು ಕೈಗೆ ಕೊಟ್ಟಳು. ದಪ್ಪ, ಭಾರ, ಆರು ಮೂಲೆ. ಮೇಲೆ ರಂಗೋಲಿ ಹೂವು: ನಡುವೆ ಒಂದು ವೃತ್ತ, ಸುತ್ತ ದಳ, ದಳಗಳ ನಡುವಿನ ಗೀರಿನಲ್ಲಿ ಕೂದಲು ಹುಟ್ಟುತ್ತಿದ್ದ ತೂತು. ಇದನ್ನು ಒಮ್ಮೆ ನೋಡಿದರೆ ಮರೆಯೋ ಹಾಗಿಲ್ಲ.

ನನ್ನ ಅದೃಷ್ಟ ತೆರೆದದ್ದು ಮೂರು ಗಂಟೆಗೆ. ಜರಡಿಯ ಮೂಲೆಯಲ್ಲಿ ಬೆಂಕಿಪೆಟ್ಟಿಗೆಗಿಂತ ಉದ್ದದ ಒಂದು ಕಪ್ಪು ಬಿಲ್ಲೆ. ಹೂವಿಲ್ಲ. ಉದ್ದಕ್ಕೆ ನಡುವೆ ಮೆಲ್ಲಗೆ ಉಬ್ಬಿದ ಏಣು, ಅದರ ಎರಡು ಕಡೆ ತಗ್ಗು, ಸುತ್ತ ಅಂಚು ಕಟ್ಟಿದ ಹಾಗೆ. ಮೇಲ್ಮೈ ರವೆ ಇಡ್ಲಿಯಂತೆ ಸಣ್ಣ ಸಣ್ಣ ತೂತು. ಆದರೆ ಒಂದು ತುದಿ ಮಾತ್ರ ಪೂರ್ತಿ ನುಣುಪು, ಇಳಿಜಾರಾಗಿ ತೆಳುವಾಗಿದೆ. ಈ ಸಲ ನಾನು ಕೂಗಲಿಲ್ಲ. ಸುಮ್ಮನೆ ಅವಳ ಮುಂದೆ ಹಿಡಿದೆ.

"ಹೊಲ್ಮೆಸಿನಾ!" ಅಂತ ಅವಳೇ ಕೂಗಿದಳು. ಅದೂ ಆರ್ಮಡಿಲೋವಿನ ಅಳಿದುಹೋದ ದೊಡ್ಡ ನೆಂಟ.

ಆ ನುಣುಪಿನ ತುದಿಯ ಗುಟ್ಟು ನನಗೆ ತಕ್ಷಣ ಹೊಳೆಯಿತು, ಮಂಗಳೂರು ಹೆಂಚು ನೋಡಿ ಬೆಳೆದವನಲ್ಲವೇ. ಮಾಡಿನ ಹೆಂಚಿನಲ್ಲಿ ಮೇಲಿನ ಹೆಂಚಿನ ಅಡಿಗೆ ಸೇರಿಕೊಂಡ ಭಾಗಕ್ಕೆ ಪಾಚಿ ಹಿಡಿಯಲ್ಲ, ಕೆಂಪಗೇ ಇರುತ್ತೆ. ಇಲ್ಲೂ ಹಾಗೆ. ನುಣುಪಾದ ಭಾಗ ಮುಂದಿನ ಬಿಲ್ಲೆಯ ಅಡಿಗೆ ಜಾರುತ್ತಿತ್ತು. ಅಂದರೆ ಈ ಬಿಲ್ಲೆ ಬೆನ್ನಿನ ನಡುವೆ ಬಾಗುತ್ತಿದ್ದ ಪಟ್ಟಿಯದು. ಹೊಲ್ಮೆಸಿನಾಗೆ ಅಂಥ ಪಟ್ಟಿ ಮೂರು. ಗ್ಲಿಪ್ಟೊಡಾಂಟಿಗೆ ಇಂಥ ಪಟ್ಟಿಗಳಿಲ್ಲ, ಅದರದ್ದು ಬಾಗದ ಗುಮ್ಮಟ. ಪ್ರಾಣಿ ಯಾವುದು ಅನ್ನೋದರ ಜೊತೆಗೆ ಬಿಲ್ಲೆ ಮೈಯ ಯಾವ ಜಾಗದ್ದು ಅಂತಲೂ ಒಂದೇ ತುಂಡು ಹೇಳಿಬಿಟ್ಟಿತು. ಎರಡು ಮೀಟರ್ ಉದ್ದದ, ಇನ್ನೂರು ಕಿಲೋ ದಾಟುವ, ಹುಲ್ಲು ಸೊಪ್ಪು ಮೇಯುವ ಆರ್ಮಡಿಲೋ ಥರದ ಪ್ರಾಣಿ. ಹೆಬ್ಬೆರಳಲ್ಲಿ ಆ ಇಳಿಜಾರನ್ನು ಎಷ್ಟು ಸಲ ಸವರಿದೆನೋ.

ಇದೇ ನದಿಯ ಇಂಥ ಬಿಲ್ಲೆಗಳನ್ನು 1889ರಲ್ಲಿ ವಿವರಿಸಿದವರು ಜೋಸೆಫ್ ಲೈಡಿ, ಅಮೆರಿಕದ ದೊಡ್ಡ ಪಳೆಯುಳಿಕೆ ತಜ್ಞ. ಅವರು ಇದನ್ನು ಗ್ಲಿಪ್ಟೊಡಾನ್ ಅಂತಲೇ ಕರೆದರು! 1930ರಲ್ಲಿ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಹೊಲ್ಮೆಸಿನಾ ಅನ್ನುವ ಹೊಸ ಹೆಸರು ಕೊಟ್ಟರು, ವಾಲ್ಟರ್ ಹೋಮ್ಸ್ ಅನ್ನುವ ಸಂಗ್ರಹಕಾರರ ನೆನಪಿಗೆ. ಪುಟ್ಟಿ ಇದನ್ನೆಲ್ಲ ಹೇಳುವಾಗ ನನ್ನ ಆಮೆ ತುಂಡುಗಳ ಬಗ್ಗೆ ಇದ್ದ ನಾಚಿಕೆ ಅರ್ಧ ಇಳಿಯಿತು.

ಹೊರಡುವ ಹೊತ್ತಿಗೆ ಭಾವನ ಜರಡಿಯಲ್ಲಿ ರೂಪಾಯಿ ನಾಣ್ಯಕ್ಕಿಂತ ಚಿಕ್ಕದೊಂದು ಬಿಲ್ಲೆ ಸಿಕ್ಕಿತು. ಇದಕ್ಕೆ ಹೂವಿತ್ತು, ಆದರೆ ವೃತ್ತ ನಡುವಲ್ಲಿರದೆ ಹಿಂದಕ್ಕೆ ಸರಿದಿತ್ತು, ದಳಗಳು ಮುಂದೆ ಮತ್ತು ಪಕ್ಕದಲ್ಲಿ. ಡ್ಯಾಸಿಪಸ್ ಬೆಲ್ಲಸ್. ಸುಂದರ ಆರ್ಮಡಿಲೋ ಅಂತ ಅರ್ಥ, 1929ರಲ್ಲಿ ಸಿಂಪ್ಸನ್ನೇ ಇಟ್ಟ ಹೆಸರು. ಈಗ ಫ್ಲೋರಿಡಾದಲ್ಲಿ ಓಡಾಡುವ ಒಂಬತ್ತು ಪಟ್ಟಿಯ ಆರ್ಮಡಿಲೋ ಬಿಲ್ಲೆಗೂ ಇದಕ್ಕೂ ವಿನ್ಯಾಸದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಇದು ಸುಮಾರು ಎರಡರಷ್ಟು ದೊಡ್ಡದು, ಅಷ್ಟೇ. ಹಳೇದು ಹಿಮಯುಗದ ಕೊನೆಗೆ ಅಳಿಯಿತು. ಈಗಿನದನ್ನು ಇಲ್ಲಿಗೆ ತಂದು ಬಿಟ್ಟವರು 1920, 30ರ ದಶಕದ ಮನುಷ್ಯರು.

ವಾಪಸ್ ಬರುವಾಗ 17ನೇ ಹೆದ್ದಾರಿಯಲ್ಲಿ ಅಂಥದ್ದೊಂದು ಸತ್ತು ಬಿದ್ದಿತ್ತು. ಹೆದರಿದರೆ ಮೇಲಕ್ಕೆ ನೆಗೆಯುತ್ತೆ ಪಾಪ, ಕಾರಿನ ಅಡಿಗೆ ಹೊಡೆಸಿಕೊಳ್ಳುತ್ತೆ. ಭಾವ ಕಾರು ಪಕ್ಕಕ್ಕೆ ನಿಲ್ಲಿಸಿದರು. ಬಗ್ಗಿ ನೋಡಿದೆ. ಹೆಗಲ ಮೇಲೆ ಅದೇ ಸಣ್ಣ ಹೂಗಳು, ಪಟ್ಟಿಗಳಲ್ಲಿ ಸಾಲಾಗಿ ತ್ರಿಕೋನ. ಭಾವನ ಬಿಲ್ಲೆ ಅಂಗೈಯಲ್ಲೇ ಇತ್ತು. ಪಕ್ಕದಲ್ಲಿ ಹಿಡಿದೆ. ನೊಣ ಜಾಸ್ತಿ ಇದ್ದವು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ರಾತ್ರಿ ಅಡುಗೆಮನೆ ಸಿಂಕಿನಲ್ಲಿ ಹಳೇ ಟೂತ್‌ಬ್ರಷ್ಷಿನಿಂದ ಎಲ್ಲ ಉಜ್ಜಿದ್ದಾಯಿತು. ಅಕ್ಕ ಗೊಣಗಿದಳು. ಪುಟ್ಟಿ ಪರ್ಮಿಟ್ ಪಟ್ಟಿಗೆ ಅಂತ ನೋಟ್‌ಬುಕ್ ತೆಗೆದಳು.

"ಹೊಲ್ಮೆಸಿನಾ ಒಂದು. ಡ್ಯಾಸಿಪಸ್ ಬೆಲ್ಲಸ್ ಒಂದು. ಆಮೆ ಹತ್ತೊಂಬತ್ತು, ಎಲ್ಲ ಮಾಮಂದು."

"ಪಕ್ಕದಲ್ಲಿ ಲೈಡಿನೂ ತಪ್ಪು ಮಾಡಿದ್ದರು ಅಂತ ಬರಿ" ಅಂದೆ.

ಬರೆಯಲಿಲ್ಲ.