ಉಳಿದ ಕಥೆ ಎರಡನೇ ಬೆಂಚಿನಲ್ಲಿ

ಸೋಮವಾರ ಬೆಳಿಗ್ಗೆ ಮೊದಲ ಬೆಲ್ ಹೊಡೆಯುವ ಮುಂಚೆ ನಮ್ಮ ಎರಡನೇ ಬೆಂಚಿನ ಸುತ್ತ ಗುಂಪು ಸೇರುತ್ತಿತ್ತು. ಹಿಂದಿನ ದಿನದ ರಾಮಾಯಣದಲ್ಲಿ ಏನಾಯಿತು ಎಂಬುದು ಅಲ್ಲಿ ತೀರ್ಮಾನ ಆಗಬೇಕಿತ್ತು. ತೀರ್ಮಾನ ಅಂತ ಬೇಕೆಂದೇ ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮಲ್ಲಿ ಯಾರೂ ಪೂರ್ತಿ ನೋಡಿರುತ್ತಿರಲಿಲ್ಲ. ಒಬ್ಬನಿಗೆ ಮೊದಲ ಹತ್ತು ನಿಮಿಷ ಸಿಕ್ಕಿರುತ್ತಿತ್ತು. ಅವನ ಊರಲ್ಲಿ ಕರೆಂಟು ಹೋಗುವ ಹೊತ್ತಿಗೆ ಇನ್ನೊಬ್ಬನ ಊರಿಗೆ ಬಂದಿರುತ್ತಿತ್ತು. ಇನ್ನೊಬ್ಬಳಿಗೆ ಬರೀ ದನಿ ಕೇಳಿರುತ್ತಿತ್ತು, ಚಿತ್ರ ಇಲ್ಲ. ಈ ಚೂರುಗಳನ್ನೆಲ್ಲ ಬೆಂಚಿನ ಮೇಲೆ ಹರಡಿ, ಜೋಡಿಸಿ, ನಡುವೆ ಬಿಟ್ಟುಹೋದದ್ದನ್ನು ನಾವೇ ತುಂಬಿಕೊಳ್ಳುತ್ತಿದ್ದೆವು.

ನಾನು ಈ ಶಾಲೆಗೆ ಎಂಟನೇ ಕ್ಲಾಸಿಗೆ ಸೇರಿದ್ದು 1986ರ ಜೂನ್‌ನಲ್ಲಿ. ರಾಮಾಯಣ ಧಾರಾವಾಹಿ ಶುರುವಾದದ್ದು 1987ರ ಜನವರಿಯಲ್ಲಿ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ನಮ್ಮೂರಲ್ಲಿ ಇದ್ದದ್ದು ಒಂದೇ ಟೀವಿ, ಮೇಲಿನ ಮನೆಯ ಜಗಲಿಯಲ್ಲಿ. ಸುತ್ತಲೂ ಗುಡ್ಡ. ಹಾಗಾಗಿ ಆಂಟೆನಾವನ್ನು ಮನೆಯ ಮಾಡಿನ ಮೇಲೆ ಕಟ್ಟಿದರೆ ಏನೂ ಬರುತ್ತಿರಲಿಲ್ಲ. ಮನೆ ಹಿಂದಿನ ದಿಬ್ಬದ ಮೇಲೆ ಉದ್ದದ ಅಡಿಕೆ ಮರದ ಕಂಬ ನೆಟ್ಟು, ತುದಿಗೆ ಆಂಟೆನಾ ಕಟ್ಟಿದ್ದರು. ದಿಬ್ಬದ ಮೇಲೊಬ್ಬ, ಕೊಟ್ಟಿಗೆ ಹತ್ತಿರ ಒಬ್ಬ, ಜಗಲಿಯ ಮೆಟ್ಟಿಲಲ್ಲಿ ಒಬ್ಬ. 'ಬಂತಾ?' ಎಂಬ ಕೂಗು ಕೆಳಗಿಳಿಯುತ್ತಿತ್ತು, 'ಇನ್ನೊಂಚೂರು ತಿರುಗ್ಸು' ಎಂಬ ಕೂಗು ಮೇಲೆ ಹತ್ತುತ್ತಿತ್ತು. ಕಂಬ ಹಿಡಿಯುವ ಪಾಳಿ ನನ್ನದಾದ ಭಾನುವಾರ ನಾನು ಟೀವಿಯನ್ನೇ ನೋಡುತ್ತಿರಲಿಲ್ಲ. ಗುಡ್ಡದ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ನಿಂತು, ಕೆಳಗಿನಿಂದ ತೇಲಿ ಬರುವ ಹಾಡಿನ ದನಿ ಕೇಳಿ, ಈಗ ಯಾವ ದೃಶ್ಯ ಅಂತ ಊಹಿಸುತ್ತಿದ್ದೆ. ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತಿದ್ದು ಗೊತ್ತೇ ಆಗುತ್ತಿರಲಿಲ್ಲ.

ಮಳೆಗಾಲದಲ್ಲಿ ಕರೆಂಟು ಎರಡು ಮೂರು ದಿನ ಬರದೇ ಇರುವುದು ಮಾಮೂಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಒಂದು ಪಾಲು ನಮಗೂ ಬರುತ್ತಿತ್ತು. ಆಗ ಉಳಿಯುತ್ತಿದ್ದದ್ದು ರೇಡಿಯೋ ಒಂದೇ. ಭದ್ರಾವತಿ ಆಕಾಶವಾಣಿ ಅಂದರೆ ನಮ್ಮ ಮನೆಯ ಮಂದಿಯೇ ಮಾತಾಡಿದ ಹಾಗೆ. ಮುಳ್ಳನ್ನು 675ರ ಹತ್ತಿರ ತಂದು ನಿಲ್ಲಿಸಿ, ಮತ್ತೆ ಯಾರೂ ಮುಟ್ಟಬಾರದು ಎಂದು ಅಪ್ಪ ಹೇಳಿಟ್ಟಿದ್ದರು. ಸೆಲ್ಲು ಸೋತರೆ ಬಿಸಿಲಿಗೆ ಇಟ್ಟು ಸ್ವಲ್ಪ ಜೀವ ಬರಿಸುವುದು ಎಲ್ಲ ಊರಲ್ಲೂ ಇತ್ತು. ನಮಗೆ ಜುಲೈನಲ್ಲಿ ಬಿಸಿಲು ಎಲ್ಲಿ? ಬಚ್ಚಲ ಒಲೆಯ ಕಟ್ಟೆಯ ಮೇಲೆ, ಬೆಂಕಿಯಿಂದ ದೂರ, ಬಿಸಿ ತಾಗುವಷ್ಟು ಹತ್ತಿರ ಇಡುತ್ತಿದ್ದೆವು. ಅದರಲ್ಲಿ ಒಂದು ಕೋರಿಕೆ ಕಾರ್ಯಕ್ರಮ ಕೇಳುವಷ್ಟು ಶಕ್ತಿ ಬರುತ್ತಿತ್ತು. ನಾವು ಐದಾರು ಮಂದಿ ಸೇರಿ 15 ಪೈಸೆಯ ಕಾರ್ಡಿನಲ್ಲಿ ಹಾಡು ಕೇಳಿ ಬರೆದಿದ್ದೆವು. ಒಂದು ಸಂಜೆ ನಮ್ಮ ಹೆಸರು ಓದಿದರು. ಮೊದಲ ಎರಡು ಹೆಸರು ಕೇಳಿತು. ಮೂರನೆಯದು ಬರುವಾಗ ದನಿ ಸಣ್ಣದಾಗುತ್ತ ಹೋಗಿ ನಿಂತೇ ಹೋಯಿತು. ನನ್ನದು ನಾಲ್ಕನೆಯ ಹೆಸರು. ಮರುದಿನ ಶಾಲೆಯಲ್ಲಿ ಒಬ್ಬಳು ಬಂದು, 'ನಿನ್ನ ಹೆಸರು ಚೆನ್ನಾಗಿ ಹೇಳಿದ್ರು ಕಣೋ' ಎಂದಳು. ಆ ಮಾತು ಹಾಡಿಗಿಂತ ಹೆಚ್ಚು ಖುಷಿ ಕೊಟ್ಟಿತು.

ಚಂದಮಾಮ, ಬಾಲಮಂಗಳ ಬಸ್ಸಿನಲ್ಲಿ ಬರುತ್ತಿದ್ದವು. ಬಸ್ಸು ಬಂದರೆ ಪುಸ್ತಕ. ಒಂದು ಪ್ರತಿ ಇಡೀ ಕ್ಲಾಸು ಸುತ್ತಿ ಬರುವಾಗ ನಡುವಿನ ಹಾಳೆ ಉದುರಿ ಹೋಗಿರುತ್ತಿತ್ತು. ಬೇತಾಳನ ಪ್ರಶ್ನೆ ಇರುತ್ತಿತ್ತು, ಉತ್ತರದ ಪುಟ ಇರುತ್ತಿರಲಿಲ್ಲ. ಹೆಣ ಹೆಗಲ ಮೇಲೆ ಹಾಕಿಕೊಂಡು ಕತ್ತಿ ಹಿಡಿದು ನಡೆಯುವ ರಾಜನ ಚಿತ್ರ, ಕಲಾವಿದ ಶಂಕರ್ ಬರೆದದ್ದು, ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಉತ್ತರ ಏನಿರಬಹುದು ಎಂದು ಊಟದ ಬಿಡುವಿನಲ್ಲಿ ಜಗಳ ಆಗುತ್ತಿತ್ತು. ಬಾಲಮಂಗಳದ ಡಿಂಗನ ಬಗ್ಗೆ ಮಾತ್ರ ಜಗಳ ಇರಲಿಲ್ಲ. ಅವನು ಗೆಲ್ಲುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು.

ಆಟಗಳು ಎಲ್ಲ ಊರಿನ ಹಾಗೆಯೇ. ಲಗೋರಿ, ಚಿನ್ನಿದಾಂಡು, ಗೋಲಿ, ಮಳೆ ಹಿಡಿದರೆ ಜಗಲಿಯಲ್ಲಿ ಚೆನ್ನೆಮಣೆ. ಆದರೆ ಪೆಟ್ಲು ಬಗ್ಗೆ ಹೇಳದೆ ಇರಲಾರೆ. ಈಗಿನ ಮಕ್ಕಳು ಅದನ್ನು ನೋಡಿಲ್ಲ, ಅಲ್ವಾ? ಗೇಣುದ್ದದ ಸಣ್ಣ ಬಿದಿರ ಕೊಳವೆ, ಅದರೊಳಗೆ ಸರಿಯಾಗಿ ಕೂರುವ ಒಂದು ಕಡ್ಡಿ. ಕಾಡಿನ ಸಣ್ಣ ಹಸಿರು ಕಾಯಿಯನ್ನು ಕಡ್ಡಿಯಿಂದ ತಳ್ಳಿ ತುದಿಯವರೆಗೆ ಒಯ್ದು ಅಲ್ಲೇ ಬಿಡಬೇಕು. ಆಮೇಲೆ ಇನ್ನೊಂದು ಕಾಯಿ ಹಾಕಿ ಒಮ್ಮೆಲೇ ತಳ್ಳಬೇಕು. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಮೊದಲ ಕಾಯಿಯನ್ನು ಹೊರಗೆ ಹಾರಿಸುತ್ತದೆ. ಫಟ್! ಗಾಳಿಯ ಒತ್ತಡದ ಪಾಠ ಮಾಡುವಾಗ ನಮ್ಮ ವಿಜ್ಞಾನದ ಮೇಷ್ಟ್ರು ಹಿಂದಿನ ವಾರ ಕಿತ್ತಿಟ್ಟುಕೊಂಡಿದ್ದ ಪೆಟ್ಲನ್ನು ಮೇಜಿನ ಖಾನೆಯಿಂದ ತೆಗೆದರು. ಕ್ಲಾಸಿನಲ್ಲೇ ಹೊಡೆದು ತೋರಿಸಿ, ಆ ಪೆಟ್ಲನ್ನು ಅದರ ಹುಡುಗನಿಗೇ ವಾಪಸು ಕೊಟ್ಟರು. ಅಂಥ ಮೇಷ್ಟ್ರು ಸಿಕ್ಕಿದ್ದು ನಮ್ಮ ಪುಣ್ಯ.

ಎರಡನೇ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಆಗುಂಬೆ ಕಡೆಯವನು. ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಅವನಷ್ಟು ಚೆನ್ನಾಗಿ ಕಥೆ ಹೇಳುವವರನ್ನು ನಾನು ಆಮೇಲೆ ಕಂಡಿಲ್ಲ. ನಮ್ಮ ಕಡೆ ಮಂದಾರ್ತಿ ಮೇಳದ ಹರಕೆ ಯಕ್ಷಗಾನ ಆಟ ಆಗುತ್ತಿತ್ತು. ಮೇಳಗಳು ಮಳೆ ಹಿಡಿಯುವ ಮುಂಚೆ ತಿರುಗಾಟ ಮುಗಿಸುತ್ತವೆ, ಅದಕ್ಕೇ ಬೇಸಿಗೆ ರಾತ್ರಿಗಳಲ್ಲಿ ಆಟದ ಮೇಲೆ ಆಟ. ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ನನಗೆ ಎಷ್ಟು ತಡೆದರೂ ನಡುರಾತ್ರಿಗೆ ನಿದ್ದೆ. ಮಹಿಷಾಸುರನ ಪ್ರವೇಶವನ್ನು ನಾನು ಒಮ್ಮೆಯೂ ನೋಡಿದವನಲ್ಲ. ಅದನ್ನು ನನಗೆ ತೋರಿಸಿದವನು ಇವನೇ. ಮಹಿಷ ರಂಗಸ್ಥಳದ ಕಡೆಯಿಂದ ಬರುವುದಿಲ್ಲ, ಜನರ ಹಿಂದಿನಿಂದ ಬರುತ್ತಾನೆ. ಎರಡೂ ಕಡೆ ದೊಂದಿ ಹಿಡಿದವರು. ರಾಳದ ಪುಡಿ ಎರಚಿದ ಕೂಡಲೇ ಭಗ್ಗನೆ ಬೆಂಕಿ. ಚೆಂಡೆಯ ಪೆಟ್ಟನ್ನು ಅವನು ಬೆರಳಿನಿಂದ ಬೆಂಚಿನ ಮೇಲೆ ಬಾರಿಸುತ್ತಿದ್ದ.

ಆ ವರ್ಷಗಳಲ್ಲೇ ಶಂಕರ್‌ನಾಗ್ ಮಾಲ್ಗುಡಿ ಡೇಸ್ ಧಾರಾವಾಹಿ ಮಾಡಿದ್ದು. ಆಗುಂಬೆಯ ಬೀದಿಯೇ ಮಾಲ್ಗುಡಿ ಆಯಿತು. ಅಲ್ಲಿನ ದೊಡ್ಡಮನೆ, ಕಥೆಯ ಹುಡುಗ ಸ್ವಾಮಿಯ ಮನೆ ಆಯಿತು. ಅರಸಾಳಿನ ಪುಟ್ಟ ರೈಲು ನಿಲ್ದಾಣ ಮಾಲ್ಗುಡಿ ನಿಲ್ದಾಣ ಆಯಿತು. ಟೀವಿಯಲ್ಲಿ ಮಾತು ಹಿಂದಿಯಲ್ಲಿತ್ತು. ನಮಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಆ ಹೆಂಚಿನ ಮಾಡು, ಆ ಜಗಲಿ, ಕಂಬಗಳ ಸಾಲು ಎಲ್ಲ ನಮ್ಮದೇ. ದಿಲ್ಲಿಯಿಂದ ಬರುವ ಟೀವಿಯಲ್ಲಿ ನಮ್ಮ ಮಳೆ ಬರುತ್ತಿದೆ ಎಂದು ಅಜ್ಜಿ ಕಣ್ಣು ಒರೆಸಿಕೊಂಡದ್ದು ನೆನಪಿದೆ.

ಶೂಟಿಂಗ್ ದಿನ ಬೀದಿಯಲ್ಲಿ ಓಡುವ ಮಕ್ಕಳಲ್ಲಿ ತಾನೂ ಇದ್ದೆ ಎಂದು ಗೆಳೆಯ ಹೇಳಿದ. ನೀಲಿ ಅಂಗಿ, ಎಡಗಡೆಯಿಂದ ಮೂರನೆಯವನು. ಆ ಕಂತು ಬರುವ ದಿನ ಎಲ್ಲ ಊರಲ್ಲೂ ನಮ್ಮ ಕ್ಲಾಸಿನ ಮಕ್ಕಳು ಟೀವಿ ಮುಂದೆ ಕೂತಿದ್ದರು. ಬೀದಿ ಕಾಣಿಸಿತು. ಮಕ್ಕಳ ಕೂಗು ಕೇಳಿತು. ನಮ್ಮೂರಲ್ಲಿ ಅಷ್ಟಕ್ಕೇ ಕರೆಂಟು ಹೋಯಿತು. ಮರುದಿನ ಬೆಂಚಿನ ಸುತ್ತ ಸೇರಿದಾಗ ಗೊತ್ತಾಯಿತು, ಯಾರಿಗೂ ಸರಿಯಾಗಿ ಕಂಡಿಲ್ಲ. ಒಬ್ಬ, 'ನಾನು ನೋಡ್ದೆ, ನೀಲಿ ಅಂಗಿ' ಎಂದ. ಕಪ್ಪು-ಬಿಳುಪು ಟೀವಿಯಲ್ಲಿ ನೀಲಿ ಹೇಗೆ ಕಂಡಿತು ಎಂದು ಯಾರೂ ಕೇಳಲಿಲ್ಲ. ಅವತ್ತಿನಿಂದ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅವನು ನಮ್ಮ ಮಾಲ್ಗುಡಿಯ ಹುಡುಗ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ತೀರಿಕೊಂಡರು. ಅವರಿಗೆ ಇನ್ನೂ 36 ತುಂಬಿರಲಿಲ್ಲ. ಆಗ ನಾವು ಪಿಯುಸಿ. ಸುದ್ದಿ ತಿಳಿದು ನಾನು ಮೊದಲು ಹುಡುಕಿದ್ದು ಈ ಗೆಳೆಯನನ್ನು. ಅವನು ಕಾಲೇಜಿನ ಹಿಂದೆ ಒಬ್ಬನೇ ಕೂತು ಅಳುತ್ತಿದ್ದ. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಮಾತಾಡಲಿಲ್ಲ.

ಹೋದ ವರ್ಷ ಆ ಕಂತು ಫೋನಿನಲ್ಲಿ ಸಿಕ್ಕಿತು. ಕರೆಂಟು ಹೋಗದೆ, ಪೂರ್ತಿ ನೋಡಿದೆ. ಮಕ್ಕಳು ಓಡುವ ಜಾಗದಲ್ಲಿ ನಿಲ್ಲಿಸಿ, ಎಡಗಡೆಯಿಂದ ಮೂರನೆಯ ಹುಡುಗನ ಚಿತ್ರ ತೆಗೆದು ಗೆಳೆಯನಿಗೆ ಕಳಿಸಿದೆ. ರಾತ್ರಿ ಅವನೇ ಫೋನ್ ಮಾಡಿದ.

'ಅದು ನಾನಲ್ಲ ಮಾರಾಯ' ಎಂದ. ಶೂಟಿಂಗ್ ನಡೆದ ದಿನಗಳಲ್ಲಿ ಅವನು ಮಾವನ ಮನೆಯಲ್ಲಿದ್ದ. ನಾಟಿಯ ಸಮಯ. ಗದ್ದೆ ಬಿಟ್ಟು ಕಳಿಸುವಂತಿರಲಿಲ್ಲ, ಬಸ್ಸಿಗೆ ದುಡ್ಡೂ ಇರಲಿಲ್ಲ. ಊರಿನ ಮಕ್ಕಳೆಲ್ಲ ಶಂಕರ್‌ನಾಗ್ ಅವರನ್ನು ನೋಡಿದ್ದರು, ತನ್ನ ತಮ್ಮನೂ ನೋಡಿದ್ದ, ತಾನೊಬ್ಬ ನೋಡಲಿಲ್ಲ. 'ನಿಮಗೆ ಹೇಳ್ತಾ ಹೇಳ್ತಾ ನಾನೂ ಅಲ್ಲಿದ್ದೆ ಅನ್ನಿಸಿಬಿಡ್ತು' ಎಂದ. ಹೇಳುವಾಗ ಅವನ ದನಿ ಸ್ವಲ್ಪ ನಡುಗಿತು.

ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಹೊರಗೆ ಬೆಂಗಳೂರಿನ ಸಣ್ಣ ಮಳೆ. ಸ್ವಲ್ಪ ಹೊತ್ತು ಬಿಟ್ಟು, 'ಮಹಿಷಾಸುರ ಬರೋದು ಹೇಳು' ಎಂದೆ. ಅವನು ನಕ್ಕ. ಆಮೇಲೆ ಫೋನಿನಲ್ಲಿ ಟಕ್ ಟಕ್ ಎಂಬ ಸದ್ದು. ಬೆರಳಿನಿಂದ ಮೇಜನ್ನು ಬಾರಿಸುತ್ತಿದ್ದ.