ಕ್ಯೋಟೋಗೆ ಎರಡು ದಿನ ಸಾಕಲ್ವಾ?

"ದಸರಾ ರಜೆಗೆ ಜಪಾನ್ ಹಾಕ್ಕೊಂಡಿದೀವಿ. ಕ್ಯೋಟೋದಲ್ಲಿ ಎಲೆ ಕೆಂಪಾಗಿರುತ್ತೆ ಅಲ್ವಾ? ಎರಡು ದಿನ ಸಾಕಲ್ವಾ?"

ಇದು ಪ್ರಶ್ನೆಯೇ ಅಲ್ಲ. ಟಿಕೆಟ್ ಬುಕ್ ಮಾಡಿ, ದುಡ್ಡು ಕಟ್ಟಿ, ಆಮೇಲೆ ನನ್ನ ಬಾಯಲ್ಲಿ ಹೂಂ ಅನ್ನಿಸಿಕೊಳ್ಳೋ ಪ್ರಯತ್ನ. ಅನ್ನಲ್ಲ.

ಅಕ್ಟೋಬರ್‌ನಲ್ಲಿ ಕ್ಯೋಟೋ ಹಸಿರಾಗಿರುತ್ತೆ. ಮೊಮಿಜಿ, ಅಂದರೆ ಅಲ್ಲಿನ ಮೇಪಲ್ ಮರ, ರಾತ್ರಿ ಚಳಿ ಸುಮಾರು 8 ಡಿಗ್ರಿಗಿಂತ ಕೆಳಗಿಳಿಯತೊಡಗಿದ ಮೇಲೇ ಬಣ್ಣ ತಿರುಗೋದು. 5ರ ಹತ್ತಿರ ಬಂದರೆ ಬೇಗ ಕೆಂಪಾಗುತ್ತೆ. ಊರೊಳಗೆ ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ ಇದರ ಕಾಲ. ಬೆಟ್ಟದ ಕಡೆಯ ತಕಾವೊದಲ್ಲಿ ಸ್ವಲ್ಪ ಮೊದಲು, ಶಿಮೊಗಾಮೊ ದೇಗುಲದ ಕಾಡಿನಲ್ಲಿ ಎಲ್ಲಕ್ಕಿಂತ ಕೊನೆಗೆ. ಸೆಕೆ ಹೆಚ್ಚು ದಿನ ಉಳಿದ ವರ್ಷ ಎಲ್ಲವೂ ಮುಂದಕ್ಕೆ ಹೋಗುತ್ತೆ. ನಮ್ಮ ಶಾಲೆಗಳ ರಜೆ ಪಟ್ಟಿ ಮರಕ್ಕೆ ಯಾರೂ ಕಳಿಸಿಲ್ಲ.

"ಹಾಗಾದ್ರೆ ನವೆಂಬರ್ 23?" ಅಂದು ಜಪಾನಿನಲ್ಲಿ ಸರ್ಕಾರಿ ರಜೆ. ನೀವಷ್ಟೇ ಅಲ್ಲ, ಅವರೂ ಬರ್ತಾರೆ. ಅದಾದ ಮೇಲಿನ ಮಂಗಳವಾರ, ಬುಧವಾರ ನೋಡಿ. ರೂಮನ್ನು ಆರು ತಿಂಗಳು ಮೊದಲೇ, ರದ್ದು ಮಾಡಲು ಬರುವಂಥದ್ದನ್ನೇ ಹಿಡಿಯಿರಿ. ಊರೊಳಗೆ ದುಬಾರಿಯಾದರೆ ಓತ್ಸು ಇದೆ, ರೈಲಲ್ಲಿ ಹತ್ತು ನಿಮಿಷ. ಕ್ಯೋಟೋದಲ್ಲೇ ತಂಗಿದರೆ ವಸತಿ ತೆರಿಗೆ ಬೇರೆ. 2026ರ ಮಾರ್ಚ್‌ನಿಂದ ಅದು ರೂಮಿನ ದರಕ್ಕೆ ತಕ್ಕಂತೆ ತಲೆಗೆ, ರಾತ್ರಿಗೆ 200ರಿಂದ 10,000 ಯೆನ್.

ಎಷ್ಟು ದಿನ ಅಂತ ಎಲ್ಲರೂ ಕೇಳ್ತಾರೆ. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು ಅಂತ ಒಬ್ಬರೂ ಕೇಳಲ್ಲ. ಕೇಳಿದ್ದರೆ ಖುಷಿಯಾಗಿ ಹೇಳ್ತಿದ್ದೆ: ಐದಕ್ಕೆ. ಬೆಟ್ಟದ ಮೇಲಿನ ಕಿಯೋಮಿಜು ದೇಗುಲದ ಬಾಗಿಲು ತೆರೆಯೋದು 6ಕ್ಕೆ. ಹತ್ತು ಗಂಟೆಗೆ ಆ ಏರುದಾರಿಯಲ್ಲಿ ಜಾತ್ರೆ. ಫುಶಿಮಿ ಇನಾರಿ ದೇಗುಲ ಹಗಲೂ ರಾತ್ರಿಯೂ ತೆರೆದಿರುತ್ತೆ, ಟಿಕೆಟ್ಟೂ ಇಲ್ಲ. ತೋಫುಕುಜಿ ದೇಗುಲದಲ್ಲಿ ಮೇಪಲ್ ಕಣಿವೆಯ ಮೇಲೆ ಮರದ ಸೇತುವೆ, ತ್ಸುತೆನ್‌ಕ್ಯೋ. ಬಾಗಿಲು ತೆರೆಯೋ ಮೊದಲೇ ಕ್ಯೂನಲ್ಲಿರಿ. ಜನ ಜಾಸ್ತಿಯಾದ ದಿನಗಳಲ್ಲಿ ಸೇತುವೆ ಮೇಲೆ ಫೋಟೋ ತೆಗೆಯೋ ಹಾಗಿಲ್ಲ. ನಿಂತರೆ ಹಿಂದಿನವರು ಅಲ್ಲೇ ಸಿಕ್ಕಿಕೊಳ್ತಾರೆ, ಅದಕ್ಕೇ. ಅಲ್ಲಿಗೆ ಕ್ಯೋಟೋ ಸ್ಟೇಷನ್ನಿನಿಂದ ನಾರಾ ರೈಲು ಲೈನಲ್ಲಿ ಒಂದೇ ನಿಲ್ದಾಣ. ಬಸ್ಸು ಹತ್ತಬೇಡಿ. 230 ಯೆನ್ ಅಂತ ಅಗ್ಗ ಕಾಣುತ್ತೆ, ಆದರೆ ಕಿಯೋಮಿಜು ಕಡೆಯ ಹಿಗಾಶಿಯಾಮಾ ರಸ್ತೆಯಲ್ಲಿ ಎಲೆ ಕೆಂಪಾದ ಕಾಲಕ್ಕೆ ನಡೆದವರೇ ಮೊದಲು ಮುಟ್ಟೋದು. ಊರಿನ ಪಶ್ಚಿಮದ ಅರಾಶಿಯಾಮಾಕ್ಕೂ ರೈಲೇ.

ಎಯ್ಕಾನ್‌ದೋ ದೇಗುಲದಲ್ಲಿ ಹಗಲಿನ ಟಿಕೆಟ್ ರಾತ್ರಿ ಮರಗಳಿಗೆ ಹಾಕೋ ದೀಪ ನೋಡೋಕೆ ನಡೆಯಲ್ಲ. ಸಂಜೆ ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಹೊಸ ಕ್ಯೂ. "ಒಳಗೇ ಕೂತಿರ್ತೀವಿ" ಅನ್ನೋ ಉಪಾಯ ಅಲ್ಲಿ ಬೇಡ. ಐದಕ್ಕೆ ಮೊದಲೇ ಸೂರ್ಯ ಮುಳುಗಿರುತ್ತೆ, ಶೂ ಬಿಚ್ಚಿ ನಡೆಯೋ ಮರದ ನೆಲ ಮಂಜುಗಡ್ಡೆ. ದಪ್ಪ ಕಾಲುಚೀಲ, ಲೇಸಿಲ್ಲದ ಶೂ. ಕಾಲುಚೀಲ ತೂತಿದ್ದರೆ ಊರಿಗೆಲ್ಲ ಕಾಣುತ್ತೆ.

ಊಟ: "ತರಕಾರಿ ಸೂಪ್" ಅಂದರೂ ದಾಶಿ ಇರುತ್ತೆ, ಅದು ಸಾಮಾನ್ಯವಾಗಿ ಒಣಮೀನಿನ ಸಾರ. ಅರಾಶಿಯಾಮಾದ ತೆನ್‌ರ್ಯೂಜಿ ದೇಗುಲದೊಳಗಿನ ಶಿಗೆತ್ಸು ಹೋಟೆಲಿನಲ್ಲಿ ಶೋಜಿನ್ ರ್ಯೋರಿ ಸಿಗುತ್ತೆ, ಬೌದ್ಧ ಸನ್ಯಾಸಿಗಳ ಅಡುಗೆ. ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ಅಜ್ಜಿಯನ್ನೂ ಕರ್ಕೊಂಡು ಹೋಗಬಹುದು. ಮಧ್ಯಾಹ್ನ ಮಾತ್ರ.

ಇಷ್ಟೆಲ್ಲ ಓದಿಯೂ "ಟಿಕೆಟ್ ಆಗಿಹೋಗಿದೆ, ಏನ್ಮಾಡೋದು" ಅನ್ನುವವರಿಗೆ: ಎಲೆ ಬಿಡಿ. ಅಕ್ಟೋಬರ್ 22ಕ್ಕೆ ಜಿದಾಯ್ ಮತ್ಸುರಿ, ಅಂದರೆ ಯುಗಗಳ ಹಬ್ಬ. ಸುಮಾರು 2,000 ಜನ ಬೇರೆ ಬೇರೆ ಕಾಲದ ಉಡುಪು ತೊಟ್ಟು, 19ನೇ ಶತಮಾನದ ಮೇಜಿ ಕಾಲದಿಂದ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾ, ಹಳೇ ಅರಮನೆಯಿಂದ ಹೇಯಾನ್ ದೇಗುಲದವರೆಗೆ ನಡೀತಾರೆ. 1895ರಲ್ಲಿ ಶುರುವಾದದ್ದು. ಆನೆ ಇಲ್ಲ, ಅಂಬಾರಿ ಇಲ್ಲ. ಮಧ್ಯಾಹ್ನ 12ಕ್ಕೆ ಹೊರಡುತ್ತೆ, ಆವತ್ತು ಮಾತ್ರ ಬೇಕಾದರೆ ಎಂಟರವರೆಗೆ ಮಲಗಿ.